ಚಂದ್ರಗಿರಿಯ ಸಾರಾ ಕನ್ನಡದಲ್ಲೇ ಏಕೆ ಬರೆದರು?

ಪ್ರಶ್ನೆ: ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಹುಟ್ಟೂರು ಈಗ ಕೇರಳದಲ್ಲಿದೆ. ಆದರೂ ಅವರು ಕನ್ನಡದಲ್ಲೇ ಬರೆದದ್ದು ಏಕೆ? ಬರೆಯಲು ಶುರುಮಾಡಿದ್ದು ಅಷ್ಟು ತಡವಾಗಿ ಏಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಕಾಸರಗೋಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಸಾರಾ ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನ ಚಂದ್ರಗಿರಿಯಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅದು ಕೇರಳದ ಪಾಲಾದದ್ದು 1956ರ ನವೆಂಬರ್ 1ರಂದು. ಅಷ್ಟರಲ್ಲಿ ಸಾರಾ ಅವರ ಶಾಲೆಯ ಓದು ಮುಗಿದಿತ್ತು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಆ ಊರಿನ ಮಕ್ಕಳಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಕನ್ನಡದ ಕವಿ ಗೋವಿಂದ ಪೈಗಳ ಮಂಜೇಶ್ವರ ಇರುವುದೂ ಇದೇ ಸೀಮೆಯಲ್ಲಿ. ಮುಂದೆ ಗಡಿ ವಿವಾದ ಎದ್ದಾಗ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದೇ ಶಿಫಾರಸು ಮಾಡಿತ್ತು. ಸಾರಾ ಕನ್ನಡವನ್ನು ಹೊರಗಿನಿಂದ ಆರಿಸಿಕೊಂಡವರಲ್ಲ. ಅಕ್ಷರ ಕಲಿತ ಮೇಲೆ ಅವರು ಬೆಳೆದದ್ದೇ ಈ ಭಾಷೆಯಲ್ಲಿ.

ಆ ಅಕ್ಷರವೂ ಸುಲಭಕ್ಕೆ ದಕ್ಕಿದ್ದಲ್ಲ. ತಂದೆ ವಕೀಲರು, ಮಗಳನ್ನು ಓದಿಸಲೇಬೇಕೆಂದು ಹಟ ಹಿಡಿದವರು. ಕಾಸರಗೋಡಿನ ಮುಸ್ಲಿಮ್ ಹೆಣ್ಣುಮಕ್ಕಳಲ್ಲಿ ಶಾಲೆಯ ಓದು ಮುಗಿಸಿದ ಮೊದಲಿಗರಲ್ಲಿ ಸಾರಾ ಒಬ್ಬರು. ಕಾಲೇಜು ಮೆಟ್ಟಿಲು ಹತ್ತಲು ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಮದುವೆಯಾಯಿತು, ನಾಲ್ಕು ಗಂಡುಮಕ್ಕಳಾದರು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಇಪ್ಪತ್ತೇಳರ ಹೊತ್ತಿಗೆ ಪುಸ್ತಕದ ಕಪಾಟಿನ ಮುಂದೆ ನಿಂತ ಹೆಣ್ಣುಮಗಳು ತಡವಾಗಿ ಬರೆದಳೆಂದರೆ ತಪ್ಪು ಅವಳದಲ್ಲ. ಕಂಡದ್ದು, ಕೇಳಿದ್ದು, ಓದಿದ್ದು ಎಲ್ಲವೂ ಆ ವರ್ಷಗಳಲ್ಲಿ ಒಳಗೇ ಸೇರುತ್ತಾ ಹೋಯಿತು ಎಂದು ನಾನು ತಿಳಿಯುತ್ತೇನೆ.

ಬಾಗಿಲು ತೆರೆದದ್ದು 'ಲಂಕೇಶ್ ಪತ್ರಿಕೆ'. 1981ರಲ್ಲಿ ಕೋಮು ಸೌಹಾರ್ದದ ಬಗ್ಗೆ ಅವರ ಮೊದಲ ಲೇಖನ ಅಲ್ಲಿ ಬಂತು. ಬಳಿಕ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು, 1984ರಲ್ಲಿ ಪುಸ್ತಕವಾಯಿತು. ಶಾ ಬಾನು ತೀರ್ಪು ಬಂದು ತಲಾಖ್ ಮತ್ತು ಜೀವನಾಂಶದ ಮಾತು ದೇಶದ ತುಂಬ ಹಬ್ಬಿದ್ದು 1985ರಲ್ಲಿ. ಕನ್ನಡದ ಗೃಹಿಣಿಯೊಬ್ಬರು ಅದಕ್ಕೂ ಮೊದಲೇ ತಲಾಖ್‌ನ ನೋವನ್ನು ಬರೆದಿದ್ದರು ಎಂಬುದನ್ನು ನಾವು ಹೆಮ್ಮೆಯಿಂದಲೇ ಹೇಳಬೇಕು.

ಕಾದಂಬರಿಯ ನಾದಿರಾಳಿಗೆ ಗಂಡನ ಮೇಲೆ ಪ್ರೀತಿಯಿದೆ, ಗಂಡನಿಗೂ ಅವಳ ಮೇಲೆ ಪ್ರೀತಿಯಿದೆ. ತಾನು ಕೇಳಿದ ಹಣವನ್ನು ಅಳಿಯ ಕೊಡಲಿಲ್ಲವೆಂದು ತಂದೆ ಮಹಮ್ಮದ್ ಖಾನ್ ಆ ಸಂಸಾರವನ್ನೇ ಮುರಿಯುತ್ತಾನೆ. ಮತ್ತೆ ಗಂಡನನ್ನು ಸೇರಬೇಕೆಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಅದಕ್ಕೆ ಒಪ್ಪಲಾರದೆ ನಾದಿರಾ ಮಸೀದಿಯ ಕೊಳದ ಪಾಲಾಗುತ್ತಾಳೆ. ಇದನ್ನು ತಲಾಖ್‌ನ ಕಥೆ ಎಂದಷ್ಟೇ ಹೇಳಿ ಮುಗಿಸುವವರಿದ್ದಾರೆ, ನನಗದು ಸಾಲದು. ತಂದೆಯ ಅಹಂಕಾರ, ದುಡ್ಡಿನ ಲೆಕ್ಕ, ಬಾಯಿಬಿಡಲಾರದ ತಾಯಿ ಫಾತಿಮ್ಮ, ಇವೆಲ್ಲ ಸೇರಿ ಒಂದು ಹೆಣ್ಣಿನ ಬದುಕನ್ನು ಹೇಗೆ ತೀರ್ಮಾನಿಸಿಬಿಡುತ್ತವೆ ಎಂಬುದನ್ನು ಸಾರಾ ತೋರಿಸಿದರು. ಆ ತೀರ್ಮಾನದಲ್ಲಿ ನಾದಿರಾಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಇಂಥ ತಂದೆಯರು ಎಲ್ಲ ಜಾತಿಗಳಲ್ಲೂ ಇದ್ದಾರೆ.

ಸಮುದಾಯದೊಳಗಿನಿಂದ ವಿರೋಧ ಬಂತು, ಬೆದರಿಕೆಯೂ ಬಂತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 'ಸಹನಾ', 'ವಜ್ರಗಳು' ಕಾದಂಬರಿಗಳು, 'ಚಪ್ಪಲಿಗಳು' ಕಥಾಸಂಕಲನ ಒಂದರ ಹಿಂದೆ ಒಂದು ಬಂದವು. ಕಮಲಾ ದಾಸ್ ಅವರ 'ಮನೋಮಿ'ಯನ್ನು ಮಲಯಾಳದಿಂದ ಕನ್ನಡಕ್ಕೆ ತಂದರು. ಅಷ್ಟೇ ಗಟ್ಟಿಯಾಗಿ ಅವರು ಕರಾವಳಿಯ ಹಿಂದೂ ಕೋಮುವಾದದ ವಿರುದ್ಧವೂ ಮಾತಾಡಿದರು. ಮುಸ್ಲಿಮರನ್ನು ಹಳಿಯಲು ಅವರ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಈ ಮಾತನ್ನು ಮರೆಯಬಾರದು; ಇದನ್ನು ಬಿಟ್ಟು ಹೇಳಿದರೆ ಅವರಿಗೆ ಅನ್ಯಾಯವಾಗುತ್ತದೆ.

1990ರಿಂದ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿದ್ದರು. 1994ರಲ್ಲಿ ಚಂದ್ರಗಿರಿ ಪ್ರಕಾಶನ ಕಟ್ಟಿದರು. ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರಿಗೆ ಸಂದವು. ರಾಷ್ಟ್ರಪ್ರಶಸ್ತಿ ಪಡೆದ 'ಬ್ಯಾರಿ' ಚಿತ್ರ ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂದು ಅವರು ನ್ಯಾಯಾಲಯಕ್ಕೆ ಹೋದರು, ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಪು ಅವರ ಪರವಾಗಿ ಬಂತು. ವಯಸ್ಸಾದ ಮೇಲೂ ಹಕ್ಕು ಬಿಟ್ಟುಕೊಡದ ಆ ಛಲ ನನಗೆ ಅವರ ಬರವಣಿಗೆಯಷ್ಟೇ ದೊಡ್ಡದಾಗಿ ಕಾಣುತ್ತದೆ. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು.

ನೀವು ಅವರನ್ನು ಇನ್ನೂ ಓದಿಲ್ಲವಾದರೆ 'ಚಂದ್ರಗಿರಿಯ ತೀರದಲ್ಲಿ'ಯಿಂದ ಆರಂಭಿಸಿ; ಪುಸ್ತಕ ತೆಳ್ಳಗಿದೆ. ಆಮೇಲೆ ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ'ವನ್ನು ತಪ್ಪದೆ ಓದಿ. ಮನೆಯ ಹೆಣ್ಣುಮಕ್ಕಳ ಕೈಗೂ ಕೊಡಿ.