ಟೆಕ್ ಷೇರು ಕೊಳ್ಳುವ ಮುನ್ನ ದಂಡವನ್ನಲ್ಲ, ಆದೇಶವನ್ನು ಓದಿ

2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಕೇಳಿದರೆ ಎದೆ ಝಲ್ಲೆನ್ನುವ ಮೊತ್ತ. ಆದರೆ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ 2024ರಲ್ಲಿ ಗಳಿಸಿದ ನಿವ್ವಳ ಲಾಭವೇ ಸುಮಾರು 10,000 ಕೋಟಿ ಡಾಲರ್. ಹೀಗಾಗಿ ಹೂಡಿಕೆದಾರರು ದಂಡದ ಸುದ್ದಿಗೆ ಹೆದರಿ ಷೇರು ಮಾರುವುದು ಆತುರದ ಕೆಲಸ ಎಂದೇ ನನ್ನ ಅನಿಸಿಕೆ.

ಮೊದಲು ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿ. ಅಮೆರಿಕದ ಕಂಪನಿಗಳು ವರ್ಷಕ್ಕೊಮ್ಮೆ ಸಲ್ಲಿಸುವ 10-ಕೆ ವರದಿ ಅಲ್ಲಿನ ಷೇರುಪೇಟೆ ನಿಯಂತ್ರಕರ ಎಡ್ಗರ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ‘ರಿಸ್ಕ್ ಫ್ಯಾಕ್ಟರ್ಸ್’ ಮತ್ತು ‘ಲೀಗಲ್ ಪ್ರೊಸೀಡಿಂಗ್ಸ್’ ಭಾಗಗಳನ್ನು ತಪ್ಪದೆ ಓದಿ.

ಆಮೇಲೆ ಆದೇಶ ಯಾವುದಕ್ಕೆ ತಡೆ ಹಾಕಿದೆ ಎಂದು ಹುಡುಕಿ. ಇಡೀ ಲೆಕ್ಕಾಚಾರ ನಿಂತಿರುವುದು ಇಲ್ಲೇ. ತನ್ನ ಸರ್ಚ್ ಎಂಜಿನ್ ಫೋನ್‌ಗಳಲ್ಲಿ ಮೊದಲೇ ಕೂತಿರಲೆಂದು ಗೂಗಲ್ 2022ರಲ್ಲಿ ಆ್ಯಪಲ್ ಒಂದಕ್ಕೇ 2,000 ಕೋಟಿ ಡಾಲರ್ ಕೊಟ್ಟಿತ್ತು. ಇಂಥ ಒಪ್ಪಂದಗಳಿಂದ ಗೂಗಲ್ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಕ್ರೋಮ್ ಬ್ರೌಸರನ್ನೇ ಮಾರಬೇಕಾಗಬಹುದು ಎಂಬ ಆತಂಕ ಒಂದು ವರ್ಷ ಕಾಡಿತು. 2025ರ ಸೆಪ್ಟೆಂಬರ್ ಆದೇಶದಲ್ಲಿ ಕ್ರೋಮ್ ಉಳಿಯಿತು. ಹಣ ಕೊಡುವುದಕ್ಕೂ ಅಡ್ಡಿಯಾಗಲಿಲ್ಲ, ಬೇರೆಯವರನ್ನು ಹೊರಗಿಡುವ ಷರತ್ತಿಗೆ ಮಾತ್ರ ಕತ್ತರಿ ಬಿತ್ತು. ಜೊತೆಗೆ, ಕೆಲವು ದತ್ತಾಂಶವನ್ನು ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದೂ ಆದೇಶ ಹೇಳಿತು. ಮರುದಿನವೇ ಷೇರು ಸುಮಾರು ಶೇ 9ರಷ್ಟು ಏರಿತು.

ಮೇಲ್ಮನವಿಯ ಹಂತವನ್ನೂ ಗಮನಿಸಿ. ಪ್ಲೇ ಸ್ಟೋರ್ ಪಾವತಿ ಪ್ರಕರಣದ 936.44 ಕೋಟಿ ರೂಪಾಯಿ ದಂಡವನ್ನು ನಮ್ಮ ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು. ಆ್ಯಪ್ ಕಟ್ಟಿ ಬದುಕುವ ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಮಾತ್ರ ದಂಡ ಎಷ್ಟೆಂಬುದಕ್ಕಿಂತ ಪ್ಲೇ ಸ್ಟೋರ್‌ನ ಕಮಿಷನ್ ಎಷ್ಟೆಂಬುದೇ ಮುಖ್ಯ. ಕಮಿಷನ್ ವಿಚಾರದಲ್ಲಿ ಅವರಿಗೆ ಬೇಗ ನ್ಯಾಯ ಸಿಗಬೇಕು.

ಇನ್ನು ನಿಮ್ಮ ಲೆಕ್ಕ. ನಾಸ್ಡಾಕ್ 100 ಸೂಚ್ಯಂಕದ ಫಂಡ್ ಇದ್ದರೆ ಆಲ್ಫಾಬೆಟ್, ಆ್ಯಪಲ್ ಎರಡೂ ಆಗಲೇ ನಿಮ್ಮ ಬಳಿ ಇವೆ. ಮತ್ತೆ ಬಿಡಿಯಾಗಿ ಕೊಂಡರೆ ಒಂದೇ ತಕ್ಕಡಿಗೆ ಭಾರ ಹೆಚ್ಚುತ್ತದೆ. ವಿದೇಶಿ ಷೇರನ್ನು ನೇರವಾಗಿ ಕೊಂಡವರು ತೆರಿಗೆ ನಿಯಮದ ಪ್ರಕಾರ ಭಾರತದ ‘ಸಾಮಾನ್ಯ ನಿವಾಸಿ’ಗಳಾಗಿದ್ದರೆ ಆದಾಯ ತೆರಿಗೆ ರಿಟರ್ನ್‌ನ ‘ಷೆಡ್ಯೂಲ್ ಎಫ್‌ಎ’ಯಲ್ಲಿ ಅದನ್ನು ತೋರಿಸಲೇಬೇಕು. ಸಂಬಳದಾರರು ಸಲ್ಲಿಸುವ ‘ಸಹಜ್’ ನಮೂನೆ ಅದಕ್ಕೆ ನಡೆಯುವುದಿಲ್ಲ.