ಉಬುಂಟುವಿಗೆ ತಂತ್ರಾಂಶ ಹಾಕುವುದು ಹೇಗೆ?

ಭಾನುವಾರ ಹೈದರಾಬಾದಿನ ಅಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿದರೆ ಫುಟ್‌ಪಾತಿನ ತುಂಬ ಹಳೆ ಪುಸ್ತಕ. ಅಲ್ಲಿ ಲಿನಕ್ಸ್ ಪುಸ್ತಕ ಸಿಕ್ಕರೆ ಕೊಳ್ಳಿ, ಓದಿ. ಜೊತೆಗಿರುವ ಸಿಡಿಯಿಂದ ಮಾತ್ರ ಉಬುಂಟು ಹಾಕಬೇಡಿ. ಬೆಂಬಲ ಮುಗಿದ ಆವೃತ್ತಿಗಳ ತಂತ್ರಾಂಶ ಭಂಡಾರವನ್ನು ಸಾಮಾನ್ಯವಾಗಿ ಬೇರೆ ಸರ್ವರಿಗೆ ಸಾಗಿಸಿಬಿಡುತ್ತಾರೆ. ಏನು ಹಾಕಹೊರಟರೂ 404 ಎಂಬ ಉತ್ತರವೇ ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದ 24.04 ಎಲ್‌ಟಿಎಸ್ ಆವೃತ್ತಿಗೆ ಐದು ವರ್ಷದ ಬೆಂಬಲವಿದೆ, ಅದು ಸಾಕು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಇತ್ತ ಬಂದವರು ಮೊದಲು ಬಿಡಬೇಕಾದ ಅಭ್ಯಾಸವೊಂದಿದೆ: ಬೇಕಾದ್ದನ್ನು ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ಜಾಲತಾಣದಿಂದ ಇಳಿಸಿಕೊಳ್ಳುವುದು. ಉಬುಂಟುವಿಗೆ ತನ್ನದೇ ಭಂಡಾರವಿದೆ. ಅಲ್ಲಿಂದ ತರುವಾಗ 'ಆಪ್ಟ್' ಎಂಬ ಸಾಧನ ಡಿಜಿಟಲ್ ಸಹಿಯನ್ನು ಪರೀಕ್ಷಿಸುತ್ತದೆ, ಜೊತೆಗೆ ಬೇಕಾಗುವ ಉಳಿದ ಕಡತಗಳನ್ನೂ ತಾನೇ ತರುತ್ತದೆ.

ಕನ್ನಡ ಕೀಲಿಮಣೆಯಿಂದಲೇ ಶುರುಮಾಡೋಣ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಇಲ್ಲಿರುವ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಬರೆಯಿರಿ. ಮೊದಲು 'ಸುಡೊ ಆಪ್ಟ್ ಅಪ್‌ಡೇಟ್'. ಪಾಸ್‌ವರ್ಡ್ ಕೊಡುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡುವುದಿಲ್ಲ. ಗಾಬರಿಯಾಗದೆ ಎಂಟರ್ ಒತ್ತಿ. ಪಟ್ಟಿ ಹೊಸದಾದ ಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್ ಫಾಂಟ್ಸ್-ಕೆಎನ್‌ಡಿಎ'. ಇದರಿಂದ ಗುಬ್ಬಿ, ನವಿಲು ಫಾಂಟ್‌ಗಳೂ ಬರುತ್ತವೆ. ಒಮ್ಮೆ ಲಾಗ್‌ಔಟ್ ಆಗಿ ಬನ್ನಿ, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡ ಸೇರಿಸಿ. 'ನುಡಿ'ಯಲ್ಲಿ ಬೆರಳು ಪಳಗಿದವರು 'ಕೆಜಿಪಿ' ಆರಿಸಿಕೊಂಡರೆ ಹೊಸದಾಗಿ ಕಲಿಯುವುದೇನೂ ಇರದು. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಮಕ್ಕಳ ಶಾಲೆಗೆ ತೆಲುಗೂ ಬೇಕಲ್ಲ, ಅದನ್ನೂ ಅಲ್ಲೇ ಸೇರಿಸಿಬಿಡಿ. ವಿಂಡೋಸ್ ಗುರುತಿನ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ವಿಎಲ್‌ಸಿ, ಜಿಂಪ್‌ನಂಥವಕ್ಕೆ ಟರ್ಮಿನಲ್ ಬೇಕಿಲ್ಲ. ಆ್ಯಪ್ ಸೆಂಟರ್‌ನಲ್ಲಿ ಹೆಸರು ಹುಡುಕಿ ಗುಂಡಿ ಒತ್ತಿದರಾಯಿತು.

ಭಂಡಾರದಲ್ಲಿ ಇಲ್ಲದ್ದು ಬೇಕಾದರೆ ತಯಾರಕರ ಅಧಿಕೃತ ತಾಣದಿಂದ 'ಡೆಬ್' ಕಡತ ತಂದು, ಅದಿರುವ ಫೋಲ್ಡರಿನಲ್ಲೇ ಟರ್ಮಿನಲ್ ತೆರೆಯಿರಿ. 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂದು ಬರೆದು, ಜಾಗ ಬಿಟ್ಟು, ಚುಕ್ಕಿ, ಓರೆಗೆರೆ, ಕಡತದ ಹೆಸರು. ಆ ಚುಕ್ಕಿ ಮತ್ತು ಓರೆಗೆರೆ ಮರೆತರೆ ಆಪ್ಟ್ ಎದುರಿನ ಕಡತವನ್ನು ಬಿಟ್ಟು ಭಂಡಾರದಲ್ಲಿ ಹುಡುಕುತ್ತದೆ. ಯಾರೋ ಕಳಿಸಿದ ಡೆಬ್ ಕಡತವನ್ನು ದಯವಿಟ್ಟು ಹಾಕಬೇಡಿ: ಸುಡೊ ಕೊಟ್ಟರೆ ಇಡೀ ಕಂಪ್ಯೂಟರಿನ ಕೀಲಿಕೈ ಕೊಟ್ಟಂತೆ.

ಬೇಡವಾದದ್ದಕ್ಕೆ 'ಸುಡೊ ಆಪ್ಟ್ ರಿಮೂವ್', ಜಾಗ ಬಿಟ್ಟು ಅದರ ಹೆಸರು. ಆಮೇಲೆ 'ಸುಡೊ ಆಪ್ಟ್ ಆಟೊರಿಮೂವ್' ಕೊಟ್ಟರೆ ಅದರ ಜೊತೆ ಬಂದು ಈಗ ಕೆಲಸವಿಲ್ಲದ ಕಡತಗಳೂ ಹೋಗುತ್ತವೆ. ನಡುವೆ 'ಲಾಕ್' ಸಿಗಲಿಲ್ಲವೆಂಬ ದೋಷ ಕಂಡರೆ, ಹಿನ್ನೆಲೆಯಲ್ಲಿ ಬೇರೊಂದು ಅಪ್‌ಡೇಟ್ ನಡೆಯುತ್ತಿದೆ ಎಂದು ತಿಳಿಯಿರಿ. ಲಾಕ್ ಕಡತವನ್ನು ಅಳಿಸಲು ಹೋಗದೆ, ಆ ಅಪ್‌ಡೇಟ್ ಮುಗಿಯುವವರೆಗೆ ಕಾದು ಅದೇ ಆಜ್ಞೆಯನ್ನು ಮತ್ತೆ ಕೊಡಿ.