ನೋಟರಿಯ ಅಧಿಕೃತ ಮೊಹರು: ಬಳಕೆಯ ನಿಯಮಗಳು ಮತ್ತು ರಕ್ಷಣೆಯ ಕ್ರಮಗಳು

ವ್ಯಾಪಾರಿ ಸಂಸ್ಥೆಗಳ ಕಡತಗಳಲ್ಲಿ ನೋಟರಿಯ ಮೊಹರು ಇಲ್ಲದ ಕಡತ ವಿರಳ. ಬ್ಯಾಂಕ್ ಸಾಲಕ್ಕೆ ನೀಡುವ ಪ್ರಮಾಣಪತ್ರ, ಟೆಂಡರಿನೊಡನೆ ಲಗತ್ತಿಸುವ ಘೋಷಣೆ, ಪಾಲುದಾರರ ಅಧಿಕಾರಪತ್ರ, ವಿದೇಶಕ್ಕೆ ಕಳುಹಿಸುವ ದಾಖಲೆಗಳ ದೃಢೀಕೃತ ನಕಲು, ಹೀಗೆ ಅದರ ಬಳಕೆಯ ವ್ಯಾಪ್ತಿ ವಿಸ್ತಾರವಾದುದು. ಆದರೂ ಅನೇಕ ವ್ಯಾಪಾರಸ್ಥರು ಇದನ್ನು ಶಾಸ್ತ್ರಕ್ಕೆ ಹಾಕಿಸುವ ಗುರುತೆಂದೇ ಭಾವಿಸುತ್ತಾರೆ. ಈ ಭಾವನೆಯ ಬೆಲೆ ತಿಳಿಯುವುದು ವ್ಯಾಜ್ಯ ಉಂಟಾದಾಗ.

ಕಾನೂನಿನ ಆಧಾರ

ನೋಟರಿಗಳ ಅಧಿನಿಯಮ, 1952ರ 8ನೇ ಕಲಮು ನೋಟರಿಯ ಕಾರ್ಯಗಳನ್ನು ವಿವರಿಸುತ್ತದೆ. ದಸ್ತಾವೇಜುಗಳನ್ನು ದೃಢೀಕರಿಸುವುದು, ಪ್ರಮಾಣವಚನ ಬೋಧಿಸುವುದು, ಪ್ರಾಮಿಸರಿ ನೋಟು ಹಾಗೂ ಹುಂಡಿಗಳು ಅಮಾನ್ಯವಾದಾಗ ಅದನ್ನು ದಾಖಲಿಸುವುದು, ಭಾಷಾಂತರಗಳನ್ನು ಪ್ರಮಾಣೀಕರಿಸುವುದು ಇವುಗಳಲ್ಲಿ ಮುಖ್ಯವಾದವು. ಅದೇ ಕಲಮಿನ 2ನೇ ಉಪಕಲಮು, ನೋಟರಿಯು ತನ್ನ ಸಹಿ ಮತ್ತು ಅಧಿಕೃತ ಮೊಹರಿನಡಿ ಮಾಡಿದ ಕಾರ್ಯ ಮಾತ್ರ ನೋಟರಿ ಕಾರ್ಯವೆನಿಸುತ್ತದೆ ಎಂದು ವಿಧಿಸಿದೆ. ಆದ್ದರಿಂದ ಸಹಿಯಿದ್ದು ಮೊಹರಿಲ್ಲದಿದ್ದರೂ, ಮೊಹರಿದ್ದು ಸಹಿಯಿಲ್ಲದಿದ್ದರೂ ಆ ಕಾರ್ಯ ಅಪೂರ್ಣ. ವೃತ್ತಿ ಪ್ರಮಾಣಪತ್ರ ಹೊಂದಿರದ ಯಾರೂ ಮೊಹರಿನಡಿ ನೋಟರಿ ಕಾರ್ಯ ಮಾಡುವಂತಿಲ್ಲ ಎಂದು 9ನೇ ಕಲಮು ನಿರ್ಬಂಧಿಸುತ್ತದೆ. ಈ ಪ್ರಮಾಣಪತ್ರದ ಅವಧಿ 5 ವರ್ಷಗಳು.

ಮೊಹರಿನ ಸ್ವರೂಪ

ನೋಟರಿಗಳ ನಿಯಮಗಳು, 1956ರ 12ನೇ ನಿಯಮದ ಪ್ರಕಾರ ಮೊಹರು ಸರಳ ವೃತ್ತಾಕಾರದಲ್ಲಿದ್ದು, 5 ಸೆಂಟಿಮೀಟರ್ ವ್ಯಾಸ ಹೊಂದಿರಬೇಕು. ಅದರಲ್ಲಿ ನೋಟರಿಯ ಹೆಸರು, ನೇಮಕಗೊಂಡ ಪ್ರದೇಶದ ಹೆಸರು, ‘ನೋಟರಿ’ ಎಂಬ ಪದ ಮತ್ತು ನೇಮಿಸಿದ ಸರ್ಕಾರದ ಹೆಸರು ಇರತಕ್ಕದ್ದು. ದಸ್ತಾವೇಜನ್ನು ಸ್ವೀಕರಿಸುವ ವ್ಯಾಪಾರಿಯು ಈ ನಾಲ್ಕು ಅಂಶಗಳನ್ನು ಓದಿ ನೋಡಬೇಕು. ಒತ್ತು ಅಸ್ಪಷ್ಟವಾಗಿದ್ದು ಹೆಸರು ಅಥವಾ ಪ್ರದೇಶ ಓದಲಾಗದಿದ್ದರೆ ಅಲ್ಲಿಯೇ ಮತ್ತೊಮ್ಮೆ ಹಾಕಿಸಿಕೊಳ್ಳುವುದು ಲೇಸು.

ವಹಿಯೇ ಮೊಹರಿನ ಬೆನ್ನೆಲುಬು

ಪ್ರತಿಯೊಬ್ಬ ನೋಟರಿಯೂ ನಿಗದಿತ ನಮೂನೆಯಲ್ಲಿ ನೋಟರಿ ವಹಿಯನ್ನು ಇಡಬೇಕು. ಪಡೆದ ಶುಲ್ಕಕ್ಕೆ ರಸೀದಿ ನೀಡಬೇಕು. ಕಾಗದದ ಮೇಲಿನ ಮೊಹರು ಪ್ರಶ್ನೆಗೊಳಗಾದಾಗ ಅದನ್ನು ಸಮರ್ಥಿಸುವುದು ಈ ವಹಿಯಲ್ಲಿನ ನಮೂದು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮೊಹರು ಖಾತೆಯಲ್ಲಿನ ಮೊತ್ತ, ವಹಿಯ ನಮೂದು ಅದರ ವೋಚರು. ವೋಚರಿಲ್ಲದ ಮೊತ್ತವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಒಂದು ಉದಾಹರಣೆ

ಒಂದು ಪಾಲುದಾರಿಕೆ ಸಂಸ್ಥೆಯ ಇಬ್ಬರು ಪಾಲುದಾರರಲ್ಲಿ ಒಬ್ಬರು ಕಾರ್ಯನಿಮಿತ್ತ ಮುಂಬಯಿಯಲ್ಲಿದ್ದಾರೆಂದು ಭಾವಿಸಬಹುದು. ಅವರ ಸಹಿಯಿರುವ ಅಧಿಕಾರಪತ್ರವನ್ನು ಗುಮಾಸ್ತನೊಬ್ಬ ಬೆಂಗಳೂರಿನ ನೋಟರಿಯ ಬಳಿಗೆ ಒಯ್ದು ಮೊಹರು ಹಾಕಿಸುತ್ತಾನೆ. ಅದರ ಆಧಾರದ ಮೇಲೆ ಒಬ್ಬ ಸರಬರಾಜುದಾರನು ದೊಡ್ಡ ಮೊತ್ತದ ಸರಕನ್ನು ಸಾಲವಾಗಿ ಕೊಡುತ್ತಾನೆ. ಮುಂದೆ ಪಾಲುದಾರರಲ್ಲಿ ಒಡಕು ಮೂಡಿ, ಸಹಿ ತಮ್ಮದಲ್ಲವೆಂದು ಮೊದಲನೆಯವರು ವಾದಿಸುತ್ತಾರೆ. ನೋಟರಿಯ ಮುಂದೆ ಬರೆದುಕೊಟ್ಟು ದೃಢೀಕರಿಸಲ್ಪಟ್ಟ ಅಧಿಕಾರಪತ್ರದ ಪರವಾಗಿ ಸಾಕ್ಷ್ಯ ಕಾನೂನಿನಲ್ಲಿ ಪೂರ್ವಭಾವನೆಯಿದೆ. ಹಿಂದಿನ 1872ರ ಅಧಿನಿಯಮದಲ್ಲಿದ್ದ ಈ ತತ್ವವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಆದರೆ ಇದು ಅಲ್ಲಗಳೆಯಬಹುದಾದ ಪೂರ್ವಭಾವನೆ. ಆ ದಿನ ಪಾಲುದಾರರು ಊರಿನಲ್ಲಿಯೇ ಇರಲಿಲ್ಲವೆಂದು ಪ್ರಯಾಣದ ಟಿಕೆಟುಗಳಿಂದ ಸಾಬೀತಾದರೆ ಅದರ ರಕ್ಷಣೆ ಕುಸಿಯುತ್ತದೆ. ಮೊಹರನ್ನು ನಂಬಿ ಸರಕು ಕೊಟ್ಟವನು ಸಹಿಯನ್ನು ಬೇರೆ ಸಾಕ್ಷ್ಯದಿಂದ ಸಾಬೀತುಪಡಿಸಬೇಕಾಗುತ್ತದೆ. ಅಷ್ಟರಲ್ಲಿ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿರುತ್ತದೆ.

ರಕ್ಷಣೆಗೆ ಪಾಲಿಸಬೇಕಾದ ಕ್ರಮಗಳು

1. ಸಹಿ ಮಾಡುವವರು ಖುದ್ದು ಹಾಜರಿದ್ದು, ಗುರುತಿನ ದಾಖಲೆ ಪರಿಶೀಲನೆಯಾದ ನಂತರವೇ ಮೊಹರು ಹಾಕಬೇಕು.

2. ಖಾಲಿ ಕಾಗದದ ಮೇಲಾಗಲಿ, ಖಾಲಿ ಜಾಗ ಬಿಟ್ಟ ದಸ್ತಾವೇಜಿನ ಮೇಲಾಗಲಿ ಮೊಹರು ಬೀಳಕೂಡದು. ತಿದ್ದುಪಡಿಗಳಿದ್ದಲ್ಲಿ ಕಿರುಸಹಿ ಇರಬೇಕು.

3. ಮೊಹರು ನೋಟರಿಯ ಸ್ವಂತ ಸುಪರ್ದಿನಲ್ಲಿ, ಬೀಗದೊಳಗೆ ಇರಬೇಕು. ಗುಮಾಸ್ತರ ಕೈಗೆ ಒಪ್ಪಿಸುವುದು ಸಹಿ ಮಾಡಿದ ಖಾಲಿ ಚೆಕ್ಕನ್ನು ಒಪ್ಪಿಸಿದಂತೆ.

4. ಮೊಹರು ಕಳೆದುಹೋದರೆ ಕೂಡಲೇ ಪೊಲೀಸರಿಗೆ ದೂರು ನೀಡಿ, ನೇಮಿಸಿದ ಸರ್ಕಾರಕ್ಕೆ ಲಿಖಿತವಾಗಿ ತಿಳಿಸುವುದು ಯುಕ್ತ. ಹಳೆಯ ಮೊಹರಿನಡಿ ಮಾಡಿದ ಕೊನೆಯ ಕಾರ್ಯದ ಕ್ರಮಸಂಖ್ಯೆಯನ್ನು ಗುರುತು ಹಾಕಿಟ್ಟರೆ ನಂತರದ ಖೋಟಾ ಒತ್ತುಗಳನ್ನು ಬೇರ್ಪಡಿಸಲು ಸುಲಭ.

5. ವ್ಯಾಪಾರಿಯು ದಸ್ತಾವೇಜಿನ ಮೇಲೆ ವಹಿಯ ಕ್ರಮಸಂಖ್ಯೆ ಮತ್ತು ದಿನಾಂಕವನ್ನು ಬರೆಸಿಕೊಂಡು, ಶುಲ್ಕದ ರಸೀದಿಯನ್ನು ಅದರೊಡನೆಯೇ ಕಡತದಲ್ಲಿಡಬೇಕು.

ವೃತ್ತಿ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ನೋಟರಿಯ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕುವ ಅಧಿಕಾರ 10ನೇ ಕಲಮಿನಡಿ ಸರ್ಕಾರಕ್ಕಿದೆ.

ಮೊಹರಿನ ಮಿತಿ

ಮೊಹರು ನೋಂದಣಿಗೆ ಪರ್ಯಾಯವಲ್ಲ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ಸ್ಥಿರಾಸ್ತಿಯ ಕ್ರಯಪತ್ರವು 1908ರ ನೋಂದಣಿ ಅಧಿನಿಯಮದಂತೆ ನೋಂದಣಿಯಾಗಲೇಬೇಕು. ಸಾಮಾನ್ಯ ಅಧಿಕಾರಪತ್ರದ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ವರ್ಗಾವಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ವಿದೇಶದಲ್ಲಿ ಸಲ್ಲಿಸುವ ದಾಖಲೆಗೆ ನೋಟರಿಯ ಮೊಹರೊಂದೇ ಸಾಲದೆ ಹೋಗಬಹುದು. 2005ರ ಜುಲೈ 14ರಿಂದ ಭಾರತದಲ್ಲಿ ಅಪೊಸ್ಟಿಲ್ ಒಪ್ಪಂದ ಜಾರಿಯಲ್ಲಿದ್ದು, ಸದಸ್ಯ ರಾಷ್ಟ್ರಗಳಿಗೆ ಹೋಗುವ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯವು ಅಪೊಸ್ಟಿಲ್ ನೀಡುತ್ತದೆ. ವಾಣಿಜ್ಯ ದಾಖಲೆಗಳಾದರೆ ಅದಕ್ಕೂ ಮುನ್ನ ವಾಣಿಜ್ಯೋದ್ಯಮ ಸಂಸ್ಥೆಯ ದೃಢೀಕರಣ ಬೇಕಾಗುತ್ತದೆ.

ಸಾರಾಂಶವಿಷ್ಟು: ಮೊಹರಿನ ಬೆಲೆ ಇರುವುದು ಅದರ ಶಾಯಿಯಲ್ಲಲ್ಲ, ಅದನ್ನು ಹಾಕುವ ಮುನ್ನ ನಡೆದ ಪರಿಶೀಲನೆಯಲ್ಲಿ. ಖುದ್ದು ಹಾಜರಾಗಲು ವ್ಯಯಿಸುವ ಅರ್ಧ ಗಂಟೆಯನ್ನು ಉಳಿಸಹೊರಟ ವ್ಯಾಪಾರಸ್ಥನು, ಮುಂದೆ ನ್ಯಾಯಾಲಯದ ಅಂಗಳದಲ್ಲಿ ಹಲವು ವರ್ಷಗಳನ್ನು ತೆರಬೇಕಾದೀತು.